ಪುಂಡಾನೆಯ ಬಲಗಿವಿ

ಸೋಮಯ್ಯನನ್ನು ಆನೆ ತುಳಿದು ಕೊಂದು ಹನ್ನೊಂದು ದಿನವಾಗಿತ್ತು. ತಿಥಿಯ ಊಟಕ್ಕೆ ಬಂದ ನೆಂಟರು ಎಲೆ ಬಿಟ್ಟು ಎದ್ದಿರಲಿಲ್ಲ, ಅಷ್ಟರಲ್ಲಿ ರೇಂಜರ್ ಸಾಹೇಬರು ಕರೆಯುತ್ತಿದ್ದಾರೆ ಎಂದು ಆಫೀಸಿನ ಜವಾನ ಬಂದು ಬಾಗಿಲಲ್ಲಿ ನಿಂತ. ಜವರಯ್ಯ ಕೈ ತೊಳೆದು ಖಾಕಿ ಅಂಗಿ ತೊಟ್ಟುಕೊಂಡು ಹೊರಟ. ಕಾಕನಕೋಟೆ ಕಾಡಿನಲ್ಲಿ ಅವನು ಎಂಟು ವರ್ಷದಿಂದ ಗಾರ್ಡು. ಸತ್ತವನು ಅವನ ಅಕ್ಕ ಚಿಕ್ಕಸಿದ್ದಮ್ಮನ ಗಂಡ.

ಅಕ್ಕ ಭಾವ ಇಬ್ಬರೂ ಪರ್ಮಿಟ್ಟು ತೆಗೆದುಕೊಂಡು ಬಿದಿರು ಕಡಿಯಲು ಹೋಗಿದ್ದರು. ಮೆಳೆಯ ಹಿಂದಿನಿಂದ ಒಂಟಿ ಸಲಗವೊಂದು ಸದ್ದಿಲ್ಲದೆ ಬಂದು ನುಗ್ಗಿತು. ಚಿಕ್ಕಸಿದ್ದಮ್ಮ ಹತ್ತು ಮಾರು ದೂರದಲ್ಲಿ ಎರಡು ಬಂಡೆಗಳ ಸಂದಿನಲ್ಲಿ ತೂರಿ ಕುಳಿತು ಜೀವ ಉಳಿಸಿಕೊಂಡಳು. ನಡೆದದ್ದನ್ನೆಲ್ಲ ಅಲ್ಲಿಂದಲೇ ಕಂಡಳು. ಊರಿಗೆ ಬಂದು ಬಿದ್ದವಳು ಆಮೇಲೆ ಯಾರೊಡನೆಯೂ ಬಾಯಿ ಬಿಟ್ಟು ಮಾತಾಡಲಿಲ್ಲ. ಮಹಜರಿನ ಕಾಗದದಲ್ಲಿ 'ದೊಡ್ಡ ದಂತದ ಒಂಟಿ ಆನೆ' ಎಂದು ಯಾರೋ ಬರೆದರು, ಅದರ ಕೆಳಗೆ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡರು. ಅಷ್ಟೇ.

ರೇಂಜರು ಚನ್ನಬಸವಣ್ಣನವರು ಸುತ್ತಿಬಳಸಿ ಮಾತಾಡುವವರಲ್ಲ.

"ಈ ಆನೇನ ಪುಂಡಾನೆ ಅಂತ ಸಾರಿ ಹೊಡೆಸೋದಕ್ಕೆ ಒಪ್ಪಿಗೆ ಬಂದಿದೆ. ಮೈಸೂರಿಂದ ಸರದಾರರೊಬ್ಬರು ಷಿಕಾರಿಗೆ ಬರ್ತಾರೆ. ಇನ್ನು ಹದಿನೆಂಟು ದಿನ ಇದೆ. ಆದರೆ ಒಂದು ಷರತ್ತು. ಎರಡು ವರ್ಷದ ಹಿಂದೆ ಯಾರೋ ಷಿಕಾರಿ ಬೇರೆ ಆನೆ ಹೊಡೆದು ಹೋದ. ಕೊಲ್ಲೋ ಆನೆ ಕಾಡಲ್ಲೇ ಉಳೀತು, ಇನ್ನಿಬ್ಬರು ಸತ್ತರು. ಅದಕ್ಕೆ ಈ ಸಲ ಗುರುತು ಬರೆದು ಕೊಟ್ಟರೆ ಸಾಲದು, ಚಿತ್ರವೂ ಬೇಕಂತೆ. ನೀನು ಬರಿ."

"ನಾನಾ ಸ್ವಾಮಿ?"

"ನಿನ್ನ ಬೀಟಿನ ನಕ್ಷೆ ನೀನೇ ತಾನೆ ಬರೆದದ್ದು? ಅಚ್ಚುಕಟ್ಟಾಗಿತ್ತು."

ನಕ್ಷೆ ಬರೆದದ್ದು ನಿಜ. ಅದು ರೂಲುದೊಣ್ಣೆ ಇಟ್ಟು ಗೀಟು ಎಳೆದದ್ದು. ಆನೆಯ ಮೈಮೇಲೆ ಎಲ್ಲಿ ರೂಲುದೊಣ್ಣೆ ಇಡುವುದು? ಆದರೂ ಜವರಯ್ಯ ಒಪ್ಪಿಕೊಂಡ. ಯಾವ ಆನೆ ಎಂಬುದರಲ್ಲಿ ಅವನಿಗಾಗಲಿ ಊರಿಗಾಗಲಿ ಅನುಮಾನವೇ ಇರಲಿಲ್ಲ. ಕಾಡಿನ ನಡುವೆ ಹುಲ್ಲು ಬೆಳೆದ ಜವುಗು ಬಯಲೊಂದಿತ್ತು, ಊರವರು ಅದನ್ನು ಹಡ್ಲು ಎನ್ನುತ್ತಿದ್ದರು. ದಿನಾ ಸಾಯಂಕಾಲ ಅಲ್ಲಿಗೆ ದೊಡ್ಡ ದಂತದ ಸಲಗವೊಂದು ಮೇಯಲು ಬರುತ್ತಿತ್ತು. ಅದೇ ಕೊಂದದ್ದು ಎಂದು ಎಲ್ಲರೂ ಹೇಳುತ್ತಿದ್ದರು. ಅದು ಸಾಯುವುದನ್ನು ನೋಡುವವರೆಗೆ ಜವರಯ್ಯನಿಗೆ ಅನ್ನ ಒಳಗೆ ಇಳಿಯುವಂತಿರಲಿಲ್ಲ.

ಮಾರನೆಯ ದಿನವೇ ವಾಚರು ಚಿಕ್ಕಮಾದುವಿನ ಜೊತೆ ಹಡ್ಲಿನ ಅಂಚಿನ ಮತ್ತಿಮರದ ಅಟ್ಟಣೆ ಹತ್ತಿ ಕುಳಿತ. ಸಲಗ ಬಂತು. ಜವರಯ್ಯ ಹಲ್ಲು ಕಚ್ಚಿಕೊಂಡು ಪೆನ್ಸಿಲ್ ಒತ್ತಿ ಒತ್ತಿ ಬರೆದ, ರಬ್ಬರು ಹಾಕಿ ಕಾಗದ ತೂತಾಗುವ ಹಾಗೆ ಉಜ್ಜಿದ, ಮತ್ತೆ ಬರೆದ.

ರೇಂಜರು ಅದನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಇದರ ಮೇಲೊಂದು ಅಂಬಾರಿ ಬರೆದುಬಿಡು, ದಸರಾಕ್ಕೆ ಕಳಿಸೋಣ," ಎಂದರು. ಆಮೇಲೆ ನಗು ನಿಲ್ಲಿಸಿದರು. "ನೋಡಯ್ಯ, ಎರಡು ಕಿವಿಯೂ ಮೊರದ ಹಾಗೆ, ಎರಡು ದಂತವೂ ಒಂದೇ ಅಳತೆ, ಕಾಲು ನಾಲ್ಕು ಕಂಬ. ಇದನ್ನ ಹಿಡಕೊಂಡು ಹೋದರೆ ಕಾಡಲ್ಲಿರೋ ಯಾವ ಆನೇನ ಬೇಕಾದರೂ ಹೊಡೀಬಹುದು. ಮೂರು ದಿನ ರಜೆ ಕೊಡ್ತೀನಿ. ಹ್ಯಾಂಡ್‌ಪೋಸ್ಟ್‌ ಅನ್ನೋ ಊರಲ್ಲಿ ಬಡಗಿ ಅಬ್ದುಲ್ ರಹಮಾನ್ ಸಾಬರಿದ್ದಾರೆ. ಹೋಗಿ ಕಲಿತು ಬಾ."

ಅಬ್ದುಲ್ ರಹಮಾನ್ ಅರವತ್ತು ದಾಟಿದ ಮನುಷ್ಯ. ಬಾಗಿಲ ಮೇಲೆ ಬಳ್ಳಿ, ಹೂವು, ಗಿಳಿ ಕೆತ್ತುವುದರಲ್ಲಿ ಸುತ್ತಮುತ್ತ ಅವರನ್ನು ಬಿಟ್ಟರೆ ಇನ್ನೊಬ್ಬರಿರಲಿಲ್ಲ. ಕೆತ್ತುವ ಮೊದಲು ಮರದ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಜವರಯ್ಯನ ಮಾತನ್ನು ಪೂರ್ತಿ ಕೇಳಿಸಿಕೊಂಡು, ಮರ ಕೆತ್ತುವ ತಮ್ಮ ಬಾಚಿಯನ್ನು ಒಂದು ಹಲಗೆಯ ಮೇಲೆ ಇಟ್ಟರು.

"ಬರೀರಿ ಗಾರ್ಡ್ ಸಾಹೇಬ್ರೆ."

ಜವರಯ್ಯ ಬರೆದ. ಸಾಬರು ಚಿತ್ರವನ್ನು ನೋಡಲೇ ಇಲ್ಲ.

"ಬರೆಯೋವಾಗ ಬಾಚಿ ಕಡೆ ಎಷ್ಟು ಸಲ ನೋಡಿದ್ರಿ? ನಾನು ಎಣಿಸ್ದೆ. ಮೂರೇ ಸಲ. ಉಳಿದ ಹೊತ್ತೆಲ್ಲ ಕಣ್ಣು ಕಾಗದದಾಗೇ. ಬಾಚಿ ಅಂದ್ರೆ ಹೆಂಗಿರ್ತದೆ ಅಂತ ನಿಮಗೆ ಗೊತ್ತು, ಅದನ್ನ ಬರೆದ್ರಿ. ಇಲ್ಲಿ ಬಿದ್ದಿರೋ ಬಾಚೀನ ಬರೀಲಿಲ್ಲ. ಇದರ ಕಾವು ವಾರೆ ಆಗೈತೆ, ಕಂಡ್ರಾ?"

ಕಾವು, ಅಂದರೆ ಮರದ ಹಿಡಿ, ನಿಜವಾಗಿಯೂ ವಾರೆಯಾಗಿತ್ತು. ಕಾಗದದ ಮೇಲೆ ಮಾತ್ರ ನೆಟ್ಟಗಿತ್ತು.

ಸಾಬರು ಮೊದಲು ರಬ್ಬರನ್ನು ಕಿತ್ತುಕೊಂಡರು. ಮೂರು ದಿನವೂ ಅದನ್ನು ಕೊಡಲಿಲ್ಲ. ಪೆನ್ಸಿಲನ್ನು ತುದಿಯಲ್ಲಿ ಹಿಡಿಯಬಾರದು, ಹಿಂದಕ್ಕೆ ಹಿಡಿ, ಬೆರಳಿನಿಂದಲ್ಲ ತೋಳಿನಿಂದ ಎಳೆ ಎಂದರು. ಮೊದಲ ಗೀಟು ಜೇಡರ ಬಲೆಯ ಎಳೆಯಷ್ಟು ತೆಳುವಾಗಿರಬೇಕು, ತಪ್ಪಿದರೆ ಅದರ ಪಕ್ಕದಲ್ಲೇ ಇನ್ನೊಂದು ಎಳೆಯಬೇಕು, ಸರಿ ಎನಿಸಿದ್ದನ್ನು ಕೊನೆಗೆ ಒತ್ತಬೇಕು. ತೋಳನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲನ್ನೇ ಅಳತೆಗೋಲು ಮಾಡಿಕೊಳ್ಳುವುದನ್ನು ತೋರಿಸಿದರು: ಬಾಚಿಯ ಅಲಗು ಎಷ್ಟು ಉದ್ದ, ಕಾವಿನಲ್ಲಿ ಅಂಥವು ಎಷ್ಟು ಸೇರುತ್ತವೆ. ಜವರಯ್ಯನನ್ನು ಹೆಚ್ಚು ಬೆಚ್ಚಿಬೀಳಿಸಿದ್ದು ಇನ್ನೊಂದು ಮಾತು.

"ಅಲಗಿಗೂ ಕಾವಿಗೂ ನಡುವೆ ಖಾಲಿ ಐತಲ್ಲ, ಆ ಖಾಲೀನ ಬರೀರಿ. ಬಾಚೀನ ಮರೆತುಬಿಡಿ."

ಬರೆದ. ಖಾಲಿ ಜಾಗದ ಆಕಾರ ಸರಿಯಾದಾಗ ಬಾಚಿ ತಾನಾಗಿಯೇ ಬಂದು ಕುಳಿತಿತ್ತು.

ಎರಡನೆಯ ದಿನ ಕಣ್ಣು ಅರೆಮುಚ್ಚಿ ಬೆಳಕು ನೆರಳು ನೋಡುವುದು. ಮೂರನೆಯ ದಿನ ಬೀದಿಗೆ ಕರೆದುಕೊಂಡು ಹೋಗಿ, ಗೂಟಕ್ಕೆ ಕಟ್ಟಿದ್ದ ಎಮ್ಮೆಗಳ ಮುಂದೆ ಕೂರಿಸಿದರು. ಎಮ್ಮೆ ಕಿವಿ ಅಲ್ಲಾಡಿಸುತ್ತಿತ್ತು, ತಲೆ ತಿರುಗಿಸುತ್ತಿತ್ತು. "ಆನೆ ನಿಮಗೋಸ್ಕರ ನಿಂತ್ಕೊಳ್ಳಲ್ಲ. ಇಪ್ಪತ್ತು ಎಣಿಸೋದರಾಗೆ ಬೆನ್ನು, ತಲೆ, ಕಿವಿ ಮೂರು ಗೀಟು. ಅಷ್ಟು ಸಿಕ್ಕಿದ್ರೆ ಸಾಕು." ಸಾಯಂಕಾಲದ ಹೊತ್ತಿಗೆ ಐವತ್ತು ಕಾಗದ ಹಾಳಾಗಿತ್ತು. ಐವತ್ತೊಂದನೆಯದರಲ್ಲಿ ಒಂದು ಎಮ್ಮೆಯಿತ್ತು. ಎಡಗೊಂಬು ಇಳಿಬಿದ್ದ, ಬೆನ್ನಿನ ಮೂಳೆ ಎದ್ದು ಕಾಣುವ, ಆ ಒಂದೇ ಎಮ್ಮೆ.

ಊರಿಗೆ ಬಂದವನೇ ಮತ್ತೆ ಅಟ್ಟಣೆ ಹತ್ತಿದ. ಮೂರು ಸಾಯಂಕಾಲ ಹಡ್ಲಿನ ಸಲಗವನ್ನು ಬರೆದ. ಅದು ಬಲಮಗ್ಗುಲು ತೋರಿಸಿಕೊಂಡು ಹುಲ್ಲು ಕಿತ್ತು, ಕಾಲಿಗೆ ಬಡಿದು ಮಣ್ಣು ಕೊಡವಿ ತಿನ್ನುತ್ತಿತ್ತು. ಹಣೆಯ ಎರಡು ಗುಬಟು, ಕಪೋಲದ ಗುಳಿ, ಮುಂದಕ್ಕೆ ಚಾಚಿದ ದಂತ, ಮೇಲಂಚು ಒಳಕ್ಕೆ ಮಡಿಸಿದ ಕಿವಿ. ಮನಸ್ಸಿನಲ್ಲಿ ದ್ವೇಷ ಕುದಿಯುತ್ತಿದ್ದರೂ ಕಣ್ಣು ಅಳೆಯುತ್ತಿತ್ತು. ಚಿತ್ರ ಮುಗಿದಾಗ ಚಿಕ್ಕಮಾದು ಇಣುಕಿ ನೋಡಿ, "ಅದೇ ಕಣಣ್ಣೋ! ಇಳಿಸ್ಬುಟ್ಟಿದ್ದೀಯ!" ಎಂದ.

ಅದನ್ನು ಆಫೀಸಿಗೆ ಒಯ್ಯುವ ಮುಂಚೆ ಜವರಯ್ಯ ಅಕ್ಕನ ಮನೆಗೆ ಹೋದ. ಯಾಕೆ ಹೋದೆನೆಂದು ಅವನಿಗೇ ತಿಳಿಯದು. ಬಹುಶಃ, ನೋಡು, ನಿನ್ನ ಗಂಡನ್ನ ಕೊಂದವನು ಸಿಕ್ಕಿಬಿದ್ದ ಎಂದು ಹೇಳಲಿಕ್ಕೆ. ಚಿಕ್ಕಸಿದ್ದಮ್ಮ ಒಳಮನೆಯ ಗೋಡೆಗೆ ಒರಗಿ ಕುಳಿತಿದ್ದಳು. ಮೊದಲ ಚಿತ್ರವನ್ನೂ ಅವಳು ಕಂಡಿದ್ದಳು. ಆಗ "ಆನೆ" ಎಂದು ಮುಖ ತಿರುಗಿಸಿದ್ದಳು, ಅಷ್ಟೇ. ಈಗ ಕಾಗದವನ್ನು ಕೈಗೆ ತೆಗೆದುಕೊಂಡಳು, ಬಾಗಿಲ ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು.

"ಇವ್ನಲ್ಲ."

"ಏನಂದೆ ಅಕ್ಕ?"

"ಇವ್ನಲ್ಲ ಕಣ್ಲಾ ಜವರ. ಇವ್ನು ಬೇರೆ."

"ಊರೋರೆಲ್ಲ ಇದೇ ಅಂತಾರಲ್ಲಕ್ಕ?"

"ಊರೋರು ನೋಡಿದ್ರಾ? ನೋಡ್ದೋಳು ನಾನು. ನನ್ನ ಯಾರು ಕೇಳಿದ್ರು?" ಅವಳ ದನಿ ಏರಿತು. "ಎಬ್ಬೆಟ್ಟು ಒತ್ತು ಅಂದ್ರು, ಒತ್ತಿದೆ."

ಅವನು ಚೀಲದಿಂದ ಬಿಳಿ ಕಾಗದ ತೆಗೆದು, ಹಲಗೆಯ ಮೇಲಿಟ್ಟು ಅಕ್ಕನ ಮುಂದೆ ಕುಳಿತ. "ಯೋಳು," ಎಂದ.

ಅವಳು ಹೇಳಲು ಮೊದಲು ಮಾಡಿದಳು. ಹಡ್ಲಿನ ಆನೆಯ ಚಿತ್ರ ಪಕ್ಕದಲ್ಲೇ ಇದ್ದದ್ದರಿಂದ ಮಾತಿಗೆ ದಾರಿ ಸಿಕ್ಕಿತು. ಇವನ ದಂತ ಮುಂದಕ್ಕೆ ಐತೆ, ಅವನದು ಕೆಳಕ್ಕೆ. ಇನ್ನೂ ಕೆಳಕ್ಕೆ. ಬಲದಂತದ ತುದಿ ಮುರಿದಿತ್ತು, ಚೂಪಿಲ್ಲ, ಮೊಂಡ. ಬೆನ್ನು ಇವನಂಗೆ ಗುಂಡಗಿಲ್ಲ, ಹಿಂದಕ್ಕೆ ಇಳೀತದೆ. ಜವರಯ್ಯ ತೆಳುವಾಗಿ ಗೀಟು ಎಳೆಯುತ್ತಿದ್ದ, ಅವಳು ಅಲ್ಲ ಎಂದರೆ ಪಕ್ಕದಲ್ಲಿ ಇನ್ನೊಂದು ಎಳೆಯುತ್ತಿದ್ದ. ಕಿವಿಯ ಮಾತು ಬಂದಾಗ ಅವಳು ಕಣ್ಣು ಮುಚ್ಚಿಕೊಂಡಳು.

"ಬಲಗಿವಿ ಹರ್ದೋಗಿತ್ತು. ರೊಟ್ಟಿ ಕಚ್ಚಿದಂಗೆ ಒಂದು ತುಂಡೇ ಇಲ್ಲ. ಅವರ್ನ ಎತ್ತಿ ಒಗೀವಾಗ ಆ ಕಿವಿ ಬೀಸ್ತಾ ಇತ್ತು. ಆ ತೂತಿನಾಗೆ ಬಿಸ್ಲು ಕಾಣ್ತಿತ್ತು ಕಣೋ."

"ಎಲ್ಲಿ? ಇಲ್ಲಾ?"

"ವಸಿ ಕೆಳಗೆ."

ಅವಳಿಗೆ ಉಬ್ಬಸ ಬಂದಂತಾಯಿತು. ಜವರಯ್ಯ ಪೆನ್ಸಿಲ್ ಕೆಳಗಿಟ್ಟು ನೀರು ತಂದುಕೊಟ್ಟ. ಆ ದಿನ ಅಷ್ಟಕ್ಕೇ ನಿಂತಿತು.

ರೇಂಜರು ನಂಬಲಿಲ್ಲ. "ಅಂಥ ಹೊತ್ತಿನಲ್ಲಿ ಹೆಂಗಸಿಗೆ ಕಿವಿ ಹರಿದದ್ದು ಕಾಣುತ್ತೇನಯ್ಯ? ನೀನೇ ಕಣ್ಣಾರೆ ನೋಡಿ ಬರೆದದ್ದಾದರೆ ಫೈಲಿಗೆ ಹಾಕ್ತೀನಿ. ಇಲ್ಲದಿದ್ದರೆ ಹಡ್ಲಿನ ಆನೆಯ ಚಿತ್ರವೇ ಹೋಗಲಿ. ಇನ್ನು ಆರು ದಿನ ಇದೆ."

ಅಂಥದೊಂದು ಆನೆಯ ಹೆಜ್ಜೆ ಚಿಕ್ಕಮಾದುವಿಗೆ ಗೊತ್ತಿತ್ತು. ಹೊಳೆಯ ಆಚೆ ದಡದ ಬಿದಿರುಮೆಳೆಗಳಲ್ಲಿ ಒಂದು ಸಲಗ ಒಂದೇ ತಿರುಗುತ್ತಿದೆ, ಮದ ಬಂದಿದೆ, ಆ ಕಡೆಗೆ ಯಾರೂ ಹೋಗುತ್ತಿಲ್ಲ ಎಂದ. ಇಬ್ಬರೂ ಎರಡು ದಿನ ಹುಡುಕಿದರು. ಮೂರನೆಯ ದಿನ ಬೆಳಗ್ಗೆ ಎಂಟರ ಸುಮಾರಿಗೆ ಬಿದಿರು ಮುರಿಯುವ ಸದ್ದು ಕೇಳಿತು. ಅಲ್ಲಿ ಅಟ್ಟಣೆಯಿರಲಿಲ್ಲ, ಹತ್ತುವಂಥ ಮರವೂ ಇರಲಿಲ್ಲ. ಒಂದು ಹುತ್ತದ ಹಿಂದೆ ಕುಕ್ಕರುಗಾಲಲ್ಲಿ ಕುಳಿತರು. ಚಿಕ್ಕಮಾದು ಹಿಡಿ ಮಣ್ಣು ತೆಗೆದು ಮೆಲ್ಲಗೆ ಉದುರಿಸಿದ. ಗಾಳಿ ಆನೆಯ ಕಡೆಯಿಂದ ತಮ್ಮ ಕಡೆಗೆ ಬೀಸುತ್ತಿತ್ತು.

ಮೆಳೆ ಸೀಳಿಕೊಂಡು ತಲೆ ಹೊರಗೆ ಬಂತು. ಮೂವತ್ತು ಮಾರು ದೂರ ಇದ್ದೀತು. ಕಪೋಲದಿಂದ ಮದ ಸುರಿದು ಕೆನ್ನೆಯೆಲ್ಲ ಎಣ್ಣೆ ಮೆತ್ತಿದಂತೆ ಕಪ್ಪಾಗಿತ್ತು. ದಂತ ಕೆಳಕ್ಕೆ ಬಾಗಿತ್ತು, ತುದಿ ಮೊಂಡ. ಜವರಯ್ಯ ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡ. ಬೆನ್ನು. ತಲೆ. ದಂತದ ಕೆಳಗಿನ ಖಾಲಿ ಜಾಗ. ಕಣ್ಣು ಆನೆಯ ಮೇಲೆಯೇ ಇತ್ತು, ಕೈ ತನ್ನಷ್ಟಕ್ಕೆ ಓಡುತ್ತಿತ್ತು. ಆನೆ ಬಲಗಿವಿ ಬೀಸಿತು. ಅಂಚಿನಲ್ಲಿ ಒಂದು ತುಂಡು ಇಲ್ಲ. ಆ ತೂತಿನಲ್ಲಿ ಹಿಂದಿನ ಬಿದಿರೆಲೆಯ ಹಸಿರು ಕಂಡಿತು.

ಅಷ್ಟರಲ್ಲಿ ಕತ್ತಿನ ಹಿಂಭಾಗ ತಣ್ಣಗಾಯಿತು. ಗಾಳಿ ತಿರುಗಿತ್ತು.

ಸೊಂಡಿಲು ಮೇಲೆದ್ದಿತು. ಕಿವಿಗಳೆರಡೂ ಹರಡಿ ನಿಂತವು, ಬಿದಿರು ಮುರಿಯುವ ಸದ್ದು ನಿಂತುಹೋಯಿತು. ಚಿಕ್ಕಮಾದು ಜವರಯ್ಯನ ಭುಜವನ್ನು ನೆಲಕ್ಕೆ ಒತ್ತಿ ಹಿಡಿದ. ಮುಖ ಮಣ್ಣಿಗೆ ತಾಗಿತು. ಒಂದು ಹೆಜ್ಜೆಯ ಸದ್ದು, ಇನ್ನೊಂದು. ಒಣಗಿದ ಎಲೆಗಳು ಪುಡಿಯಾಗುವುದು ಕೇಳುತ್ತಿತ್ತು. ಇರುವೆಗಳು ಕೈಮೇಲೆ ಹತ್ತಿ ಕಚ್ಚುತ್ತಿದ್ದರೂ ಅವನು ಬೆರಳು ಅಲ್ಲಾಡಿಸಲಿಲ್ಲ. ಭಾವನ ಮುಖ ನೆನಪಾಯಿತು, ಆಮೇಲೆ ಏನೂ ನೆನಪಾಗಲಿಲ್ಲ. ಹುತ್ತದ ಆಚೆ ಆನೆ ಬಿಟ್ಟ ಉಸಿರು ಕೇಳಿಸಿತು. ಎಷ್ಟು ಹೊತ್ತು ಹಾಗೆಯೇ ಇತ್ತೋ ತಿಳಿಯದು. ಗಾಳಿ ಮತ್ತೆ ಮೊದಲಿನಂತಾಯಿತು. ಹೆಜ್ಜೆಗಳು ಹೊಳೆಯ ಕಡೆಗೆ ಇಳಿದವು.

"ಬಾ ಬಾ, ಎದ್ದೇಳು," ಎಂದು ಚಿಕ್ಕಮಾದು ಪಿಸುಗುಟ್ಟಿದ. ಇಬ್ಬರೂ ಓಡದೆ ಮೆಲ್ಲಗೆ ಹಿಂದಕ್ಕೆ ಸರಿದರು.

ಅವತ್ತು ಮಧ್ಯಾಹ್ನ ಮನೆಯಲ್ಲಿ ಕುಳಿತು, ಆ ಏಳೆಂಟು ಗೀಟುಗಳ ಮೇಲೆ ಚಿತ್ರ ಮುಗಿಸಿದ. ಕಿವಿಯ ಹರಕನ್ನು ಮಾತ್ರ ತಾನು ಕಂಡದ್ದು ಎಲ್ಲೆಂದು ಎಷ್ಟು ಯೋಚಿಸಿದರೂ ಗಟ್ಟಿಯಾಗಲಿಲ್ಲ. ತನಗೆ ತೋರಿದ ಕಡೆ ಹಾಕಿದ. ಅಕ್ಕ ಚಿತ್ರ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು, ಹೌದೆಂದು ತಲೆಯಾಡಿಸಿದಳು. ರೇಂಜರು ಅದನ್ನು ಫೈಲಿಗೆ ಹಾಕಿದರು, ಆದರೆ ಅವರ ಮುಖದಲ್ಲಿ ಅನುಮಾನ ಉಳಿದೇ ಇತ್ತು.

ಹೇಳಿದ ದಿನ ಸರದಾರರು ಬಂದರು. ಬಿಳಿ ಮೀಸೆಯ, ಮಾತು ಕಡಿಮೆಯ ಮನುಷ್ಯ. ಸಾಯಂಕಾಲ ನಾಲ್ಕರ ಹೊತ್ತಿಗೆ ಹಡ್ಲಿನಲ್ಲಿ ಆನೆ ಬಂದಿದೆ ಎಂದು ಊರವರು ಓಡಿಬಂದು ಹೇಳಿದರು. ರೇಂಜರು, ಸರದಾರರು, ಜವರಯ್ಯ ಮೂವರೂ ಅಟ್ಟಣೆಯ ಮೇಲೆ ಹತ್ತಿದರು. ಕೆಳಗೆ ಮರಗಳ ಮರೆಯಲ್ಲಿ ಊರಿನ ಏಳೆಂಟು ಗಂಡಸರು ನಿಂತಿದ್ದರು.

ಸಲಗ ಎಡಮಗ್ಗುಲು ತೋರಿಸಿಕೊಂಡು ನಿಂತಿತ್ತು. ಜವರಯ್ಯನ ಚಿತ್ರದಲ್ಲಿದ್ದ ಗುರುತೆಲ್ಲ ಬಲಮಗ್ಗುಲಿನವು.

ಸರದಾರರು ರೈಫಲ್ಲು ಭುಜಕ್ಕೆ ಏರಿಸಿದರು.

"ಸ್ವಾಮಿ, ಇದಲ್ಲ ಅಂತ ಕಾಣ್ತದೆ," ಎಂದ ಜವರಯ್ಯ. ಅವನ ದನಿ ಅವನಿಗೇ ಬೇರೆಯವರದೆನಿಸಿತು.

"ಅಂತ ಕಾಣ್ತದೆ?" ಸರದಾರರು ತಿರುಗದೆಯೇ ಕೇಳಿದರು. "ಖಚಿತ ಹೇಳು."

ಹುಲ್ಲು ಎದೆಯುದ್ದವಿತ್ತು, ಬೆನ್ನಿನ ಇಳಿಜಾರು ಸರಿಯಾಗಿ ಕಾಣುತ್ತಿರಲಿಲ್ಲ, ತಲೆ ತಗ್ಗಿಸಿದ್ದರಿಂದ ದಂತ ಹುಲ್ಲಿನೊಳಗೆ ಮುಳುಗಿತ್ತು. ಇದು ಹಡ್ಲಿನದೇ ಎಂದು ಮನಸ್ಸು ಹೇಳುತ್ತಿತ್ತು, ಆದರೆ ಕಣ್ಣು ಇನ್ನೂ ಒಪ್ಪಿರಲಿಲ್ಲ. ತಾನು ತಡೆದು, ಇದೇ ಕೊಲೆಗಾರ ಆಗಿದ್ದರೆ? ನಾಳೆ ಇನ್ನೊಬ್ಬ ಸತ್ತರೆ ಆ ಮನೆಯ ಮುಂದೆ ಹೇಗೆ ಹೋಗಿ ನಿಲ್ಲುವುದು?

"ಒಡೀರಿ ಬುದ್ಧೀ, ಅದೇ ಕಣ್ರೀ!" ಎಂದು ಕೆಳಗಿನಿಂದ ಯಾರೋ ಕೂಗಿದರು. ಆನೆ ತಲೆ ಎತ್ತಿತು.

"ಕಿವಿ ನೋಡೋವರ್ಗೂ ತಡೀರಿ ಸ್ವಾಮಿ. ಬಲಗಿವಿ. ಅದೊಂದು ನೋಡ್ಬುಡಿ," ಎಂದು ಜವರಯ್ಯ ಕೈಮುಗಿದ. ರೇಂಜರು ಅವನ ತೋಳು ಹಿಡಿದು ಹಿಂದಕ್ಕೆ ಎಳೆದರು. ಸರದಾರರು ಗುಂಡು ಹಾರಿಸಲಿಲ್ಲ. ರೈಫಲ್ಲು ಭುಜದ ಮೇಲೆಯೇ ಇತ್ತು.

ಆನೆ ಕೂಗು ಬಂದ ಕಡೆಗೆ ಮೈ ತಿರುಗಿಸಿತು. ಬಹಳ ನಿಧಾನವಾಗಿ, ಒಂದೊಂದೇ ಕಾಲು ಎತ್ತಿ ಇಡುತ್ತ. ಎದುರು ಮುಖವಾಯಿತು, ಎರಡು ದಂತವೂ ಹುಲ್ಲಿನಿಂದ ಮೇಲೆ ಬಂದು ಚೂಪಾಗಿ ಹೊಳೆದವು. ಇನ್ನಷ್ಟು ತಿರುಗಿತು. ಬಲಗಿವಿ ಬೀಸಿತು. ಅಂಚು ಎಲ್ಲೂ ಹರಿಯದೆ, ಹೊಸ ಕೆಸವಿನ ಎಲೆಯಂತೆ ಇಡಿಯಾಗಿತ್ತು.

ಸರದಾರರು ಎಡಗೈಯಲ್ಲಿ ದುರ್ಬೀನು ಎತ್ತಿ ನೋಡಿದರು, ಆಮೇಲೆ ಚಿತ್ರವನ್ನು ಕೇಳಿ ತೆಗೆದುಕೊಂಡು ನೋಡಿದರು. ರೈಫಲ್ಲು ಇಳಿಸಿ, "ಇವನನ್ನ ಎಲ್ಲಿ ನೋಡಿದೆ?" ಎಂದು ಚಿತ್ರದ ಮೇಲೆ ಬೆರಳಿಟ್ಟು ಕೇಳಿದರು.

"ಒಳೆ ಆಚೆ ಸ್ವಾಮಿ."

"ನಾಳೆ ತೋರಿಸು."

ಮೂರು ದಿನವಾಯಿತು. ಕೊನೆಗೆ ಹೊಳೆಯ ಮಡುವಿನ ಹತ್ತಿರ ಅದು ಎದುರಾಯಿತು, ನೋಡಿದೊಡನೆ ಅವರ ಮೇಲೆಯೇ ಏರಿಬಂತು. ಎರಡನೆಯ ಗುಂಡಿಗೆ ಮುಂಗಾಲು ಮಡಿಸಿ ಬಿತ್ತು. ಹತ್ತಿರ ಹೋಗಿ ನೋಡಿದಾಗ ಮುರಿದ ಬಲದಂತದ ಬುಡದಲ್ಲಿ ಕೀವು ತುಂಬಿ ಒಸಡು ಕೊಳೆತಿತ್ತು. ತಿಂಗಳುಗಟ್ಟಲೆ ಆ ನೋವಿನಲ್ಲಿ ಒದ್ದಾಡಿದೆ ಎಂದರು ಸರದಾರರು. ಜವರಯ್ಯ ದ್ವೇಷಕ್ಕಾಗಿ ಒಳಗೆಲ್ಲ ಹುಡುಕಿಕೊಂಡ. ಇಷ್ಟು ದಿನ ಇದ್ದದ್ದು ಈಗ ಸಿಗಲಿಲ್ಲ. ಮಂಡಿಯೂರಿ ಕುಳಿತು ಆ ಬಲಗಿವಿಯನ್ನು ನೆಲದ ಮೇಲೆ ಹರಡಿ ನೋಡಿದ. ಹರಕು ಅವನು ಬರೆದ ಜಾಗಕ್ಕಿಂತ ಒಂದು ಗೇಣು ಕೆಳಗಿತ್ತು.

ರೇಂಜರು ಪಕ್ಕದಲ್ಲಿ ನಿಂತಿದ್ದರು. "ನಿಮ್ಮಕ್ಕನ ಹೇಳಿಕೇನ ಇನ್ನೊಂದು ಸಲ ಸರಿಯಾಗಿ ಬರಕೊಳ್ಳಬೇಕು," ಎಂದರು. "ನಾನೇ ಬರ್ತೀನಿ."

ಊರಿಗೆ ಬಂದಾಗ ಚಿಕ್ಕಸಿದ್ದಮ್ಮ ಹಟ್ಟಿಯ ಬಾಗಿಲಲ್ಲೇ ಕುಳಿತಿದ್ದಳು. ಊರೆಲ್ಲ ಸತ್ತ ಆನೆ ನೋಡಲು ಓಡುತ್ತಿತ್ತು. "ನೀನು ಬರಕಿಲ್ವಾ ಅಕ್ಕ?" ಎಂದು ಜವರಯ್ಯ ಕೇಳಿದ.

"ನಾನ್ಯಾಕೆ ಬರ್ಲಿ. ಅವತ್ತೇ ನೋಡಾಗೈತೆ." ಆಮೇಲೆ ಕೇಳಿದಳು, "ಕಿವಿ?"

"ನೀನೇಳಿದ ಜಾಗದಲ್ಲೇ ಇತ್ತು. ನಾನೇ ಮೇಲೆ ಬರೆದ್ಬುಟ್ಟಿದ್ದೆ."

ಅವಳ ಕಣ್ಣಲ್ಲಿ ಅವತ್ತಿನವರೆಗೆ ಬಾರದ ನೀರು ಬಂತು. ಸದ್ದು ಮಾಡದೆ, ಸೆರಗಿನಿಂದ ಒರೆಸಿಕೊಳ್ಳದೆ ಅತ್ತಳು. ಜವರಯ್ಯ ಜಗಲಿಯ ಮೇಲೆ ಅವಳ ಪಕ್ಕ ಕುಳಿತ. ಅತ್ತು ಮುಗಿದ ಮೇಲೆ ಅವಳು ಗೋಡೆ ಹಿಡಿದು ಎದ್ದಳು.

"ಮೂರು ದಿನದಿಂದ ಏನ್ ತಿಂದಿದ್ದೀಯೋ ಏನೋ," ಎನ್ನುತ್ತ ಒಳಗೆ ಹೋಗಿ ಒಲೆಗೆ ಪುಳ್ಳೆ ಒಟ್ಟಿದಳು. "ಕಾಲ್ ತೊಳ್ಕೊಂಡು ಬಾ. ಇಟ್ಟು ತಿರುವ್ತೀನಿ."